ಅಂಗಡಿ ತೆರೆಯುವ ಮುಂಚೆ ಮಾರ್ಕ ಓದಿದ್ದು

"ಇನ್ನೂರು ಮನಿ ಇರೋ ಸಭಾಕ್ಕ ನೀವು ಬರೇ ಮೂರು ಮಂದಿನ್ನ ಹಿಡ್ಕೊಂಡು ಕುಂತ್ರ ಉಳಿದವ್ರ ಗತಿ ಏನ್ರಿ?" ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಪುಸ್ತಕವನ್ನು ಮೂವರೊಂದಿಗೆ ಓದಲು ಕೂತದ್ದಕ್ಕೆ ನಮ್ಮ ಚರ್ಚಿನ ಕಮಿಟಿಯಲ್ಲಿ ಹಿರಿಯರೊಬ್ಬರು ಹೀಗೆ ಕೇಳಿ ನಕ್ಕಾಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಆ ಮೂವರಲ್ಲಿ ಇಬ್ಬರು ತಲಾ ಮೂವರನ್ನು ಕೂಡಿಸಿಕೊಂಡು ಓದುತ್ತಿದ್ದಾರೆ. ನಕ್ಕವರ ಮಗನೂ ಅದರಲ್ಲಿ ಒಬ್ಬ. ಇಷ್ಟು ಜಂಬ ಇರಲಿ.

ಮೊದಲು ಕಳೆದುಕೊಂಡದ್ದರ ಲೆಕ್ಕ. 2016ರ ಸುಮಾರಿಗೆ ಚರ್ಚಿನಲ್ಲಿ ಹನ್ನೆರಡು ವಾರಗಳ ಶಿಷ್ಯತ್ವ ಪಾಠ, ಅಂದರೆ ಯೇಸುವಿನ ದಾರಿಯಲ್ಲಿ ನಡೆಯಲು ಕಲಿಸುವ ಪಾಠ, ಶುರುಮಾಡಿದೆ. ಪುಸ್ತಿಕೆ ಅಚ್ಚು ಹಾಕಿಸಲಿಕ್ಕೇ 18,000 ಹೋಯಿತು. ಮೊದಲ ವಾರ ಮೂವತ್ತು ಚಿಲ್ಲರೆ ಮಂದಿ, ಹತ್ತನೇ ವಾರ ಐದೇ ಮಂದಿ, ಅದೂ ನನ್ನ ಹೆಂಡತಿ ಮತ್ತು ಚರ್ಚಿನ ಕೀಲಿ ಇಟ್ಟುಕೊಳ್ಳುವವರು ಸೇರಿ. ಆ ಪುಸ್ತಿಕೆಯನ್ನು ಕೊನೆಯ ಪುಟದವರೆಗೆ ಮುಗಿಸಿದ್ದು ಕಪಾಟಿನ ಗೆದ್ದಲು. ಮರುವರ್ಷ ಮೂರು ದಿನದ ಶಿಬಿರ: ಬಸ್ಸು, ಊಟ, ಹೊರಗಿನಿಂದ ಬಂದು ಪ್ರಸಂಗ (ಉಪದೇಶ) ಹೇಳುವವರ ಕಾಣಿಕೆ ಎಲ್ಲ ಕೂಡಿ 45,000ದ ಹತ್ತಿರ. ಕೊನೆಯ ರಾತ್ರಿ ಎಲ್ಲರೂ ಅತ್ತರು, ನಾನೂ ಅತ್ತೆ. ತಿಂಗಳಾದ ಮೇಲೆ ಒಬ್ಬನನ್ನು ಏನು ನೆನಪಿದೆಯಪ್ಪಾ ಎಂದರೆ, "ಊಟ ಛಲೋ ಇತ್ತ್ರಿ ಅಣ್ಣಾರ" ಅಂದ.

ನನ್ನದು ಬೆಟಗೇರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಇವೆರಡೂ ಕೈಕೊಟ್ಟ ಮೇಲೆ ಗುರುವಾರ ಬೆಳಿಗ್ಗೆ ಆರಕ್ಕೆ ಶಟರ್ ಅರ್ಧ ಎತ್ತಿ ನಾಲ್ವರು ಕೂರುತ್ತಿದ್ದೆವು: ಆಟೋ ಓಡಿಸುವವನು, ಮಗ್ಗ ಬಿಟ್ಟು ಮನೆಯಲ್ಲಿದ್ದ ಕಾಕಾ, ಕಾಲೇಜಿನ ಹುಡುಗ, ನಾನು. ಮಾರ್ಕನ ಹದಿನಾರು ಅಧ್ಯಾಯಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಗಟ್ಟಿಯಾಗಿ ಓದುವುದು, ಪುಸ್ತಕ ಮುಚ್ಚುವುದು, ಒಬ್ಬೊಬ್ಬರೂ ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ಆಮೇಲೆ "ಈ ವಾರ ಏನು ಮಾಡತಿ?" ಎಂದು ಕೇಳಿ ಉತ್ತರವನ್ನು ಬಿಲ್ ಬುಕ್ಕಿನ ಹಿಂದೆ ಬರೆದಿಡುತ್ತಿದ್ದೆ. ಮುಂದಿನ ಗುರುವಾರ ಮೊದಲ ಪ್ರಶ್ನೆ ಅದರದ್ದೇ. ಇದೇನು ಹೊಸದಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದ ಉಪದೇಶಿಗಳು ಮಗ್ಗದ ಪಕ್ಕ ಕೂತು ಓದಿ ಹೇಳುತ್ತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದಳು. ಒಟ್ಟು ಖರ್ಚು ಚಹಾ, ಆಗೀಗ ಮಿರ್ಚಿ ಸೇರಿ ಎರಡೂವರೆ ಸಾವಿರ.

ಮೊದಲ ಐದಾರು ವಾರ ಏನೂ ಆಗಲಿಲ್ಲ. ಎರಡನೇ ಅಧ್ಯಾಯಕ್ಕೆ ಬಂದೆವು. ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಕಿತ್ತು ಯೇಸುವಿನ ಮುಂದೆ ಇಳಿಸುವ ಭಾಗ. ಆಟೋದವನು ಓದಿ ಮುಗಿಸಿ ತಲೆ ಎತ್ತಿದ: "ಅಣ್ಣಾರ, ಆಮ್ಯಾಲ ಆ ಮ್ಯಾಳಿಗಿ ಮುಚ್ಚಿದವ್ರು ಯಾರ್ರಿ?" ನಾನು ಇಪ್ಪತ್ತು ವರ್ಷ ಆ ಭಾಗದ ಮೇಲೆ ಪ್ರಸಂಗ ಕೇಳಿದ್ದೇನೆ, ಎರಡು ಸಲ ಹೇಳಿಯೂ ಇದ್ದೇನೆ. ಯಾರ ಬಾಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಅವನ ಓಣಿಯಲ್ಲಿ ಒಬ್ಬ ವಿಧವೆ ಅಜ್ಜಿಯ ಮಣ್ಣಿನ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿತ್ತಂತೆ. ಆ ವಾರ ಬಿಲ್ ಬುಕ್ಕಿನಲ್ಲಿ ಬರೆದದ್ದು ಒಂದೇ ಸಾಲು. ಒಂದು ಟ್ರ್ಯಾಕ್ಟರ್ ಹಾಳುಮಣ್ಣು ತರಿಸಿ, ನಾಲ್ವರೂ ಬುಟ್ಟಿ ಹೊತ್ತು ಹರವಿದೆವು. ಬೆಳಕಿಂಡಿಯ ಸುತ್ತ ಹೇಗೆ ಬಡಿಯಬೇಕೆಂದು ಕಾಕಾ ಹೇಳಿಕೊಟ್ಟರು. ಆಟೋದವನ ಒಂದು ದಿನದ ಬಾಡಿಗೆ ಹೋಯಿತು. ಅಲ್ಲಿಂದ ಅವನು ಒಂದು ಗುರುವಾರವೂ ತಪ್ಪಿಸಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವಾಟ್ಸ್ಯಾಪಿನಲ್ಲಿ ದಿನಕ್ಕೊಂದು ವಾಕ್ಯದ ಧ್ವನಿ: ನಾಲ್ಕನೇ ದಿನಕ್ಕೆ ಎಲ್ಲರೂ ಧ್ವನಿಗೆ ಕಿವಿಗೊಡದೆಯೇ 'ಆಮೆನ್' ಹಾಕತೊಡಗಿದರು, ನಿಲ್ಲಿಸಿದೆ. ಶುಕ್ರವಾರದ ಉಪವಾಸ: ನನಗೆ ಶುಗರ್, ಗಲ್ಲಾದ ಮೇಲೆಯೇ ತಲೆ ತಿರುಗಿತು, ಡಾಕ್ಟರು ಬೈದರು. ಬೈಬಲಿನ ಗಾದೆಗಳ ಪುಸ್ತಕವಾದ ಜ್ಞಾನೋಕ್ತಿಗಳ ಮೂವತ್ತೊಂದು ಅಧ್ಯಾಯಗಳನ್ನು ತಾರೀಖಿಗೆ ಹೊಂದಿಸಿ ಓದುವುದು ಮಾತ್ರ ಕಾಕಾಗೆ ಹಿಡಿಸಿತು. ಇವತ್ತಿಗೂ ಕ್ಯಾಲೆಂಡರ್ ನೋಡಿಯೇ ಓದುತ್ತಾರೆ.

ಕಾಲೇಜಿನ ಹುಡುಗ ಹೋದದ್ದು ನನ್ನ ತಪ್ಪಿನಿಂದ. ಫೀಸಿಗೆಂದು 6,000 ಕೈಗಡ ಕೊಟ್ಟೆ. ಕೊಟ್ಟದ್ದು ತಪ್ಪಲ್ಲ, ಸಾಲ ಎಂದು ಕೊಟ್ಟದ್ದು ತಪ್ಪು. ಎರಡು ತಿಂಗಳಲ್ಲಿ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗತೊಡಗಿದ. ಮಾರ್ಕನ ಹತ್ತನೇ ಅಧ್ಯಾಯದಲ್ಲಿ, ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ಯೇಸು ಹೇಳಿದಾಗ ಐಶ್ವರ್ಯವಂತನೊಬ್ಬ ದುಃಖದಿಂದ ಹೊರಟುಹೋಗುವ ಕಡೆ ಬಂದಾಗ ಅವನ ಸ್ಟೂಲು ಖಾಲಿ. ಹೊರಟುಹೋದವನು ಈ ಸಲ ದುಡ್ಡಿಲ್ಲದವನು. ಎರಡು ಸಲ ಮನೆಗೆ ಹೋಗಿ, ಸಾಲ ಬಿಟ್ಟೆ ಎಂದೂ ಹೇಳಿದೆ. ಬರಲಿಲ್ಲ.

ಮೂವರನ್ನು ಆರಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ, ನಾಲ್ಕನೇ ವಾರ ನಾನು ಕೇಳುವ ಒಂದು ಪ್ರಶ್ನೆಯನ್ನೂ ಬರೆಯುವುದಿಲ್ಲ. ಕಾಗದದ ಮೇಲೆ ಬಂದರೆ ಅದೂ ಪುಸ್ತಿಕೆಯಾಗುತ್ತದೆ. ಬೇಕಾದವರು ಒಂದು ಗುರುವಾರ ಬಂದು ಕೂರಲಿ. ಚಹಾದ ದುಡ್ಡು ಬಂದವರದ್ದು.