ಮೊದಲು ಟ್ಯೂಬ್‌ಲೈಟ್ ಆರಿಸಿ, ಆಮೇಲೆ ಕೂಸನ್ನು ಮಲಗಿಸಿ

ಹೋದ ತಿಂಗಳು ತಂಗಿಯ ಮೊಮ್ಮಗಳ ಬಾಣಂತನ ನೋಡಿಕೊಳ್ಳಲು ಬೆಂಗಳೂರಿಗೆ ಹೋಗಿದ್ದೆ. ಕೂಸಿಗೆ 22 ದಿನ. ರಾತ್ರಿ ಎರಡು ಗಂಟೆಗೆ ಅಳು ಕೇಳಿ ಎದ್ದು ಬಂದರೆ ಮನೆಯೆಲ್ಲ ಹಗಲಿನ ಹಾಗೆ ಬೆಳಗುತ್ತಿತ್ತು. ಹಾಲಿನಲ್ಲೂ ಟ್ಯೂಬ್‌ಲೈಟು, ಅಡುಗೆಮನೆಯಲ್ಲೂ ಟ್ಯೂಬ್‌ಲೈಟು. ಅಪ್ಪ ಮಗುವನ್ನು ಎತ್ತಿಕೊಂಡು ಕುಣಿಸುತ್ತಿದ್ದಾನೆ. ಅಜ್ಜಿ ಗಿಲಕಿ ಆಡಿಸುತ್ತಿದ್ದಾರೆ. ತಾಯಿ ಮೊಬೈಲಿನಲ್ಲಿ ಯಾವುದೋ ಲಾಲಿ ಹಾಕಿ, ಫೋನನ್ನು ಮಗುವಿನ ಮುಖದ ಹತ್ತಿರವೇ ಹಿಡಿದಿದ್ದಾಳೆ. ಮೂರೂ ಜನ ಒಟ್ಟಿಗೆ ಮಾತಾಡಿಸುತ್ತಿದ್ದಾರೆ. ಇಷ್ಟು ಗಲಾಟೆಯಲ್ಲಿ ದೊಡ್ಡವರಿಗೇ ನಿದ್ದೆ ಬರುವುದಿಲ್ಲ, ಇನ್ನು ಆ ಎಳೇ ಜೀವಕ್ಕೆ ಎಲ್ಲಿಂದ ಬರಬೇಕು? ನನಗೆ ಸಿಟ್ಟು ತಡೆಯಲಾಗಲಿಲ್ಲ. ಎಲ್ಲ ದೀಪ ಆರಿಸಿಸಿದೆ. ಅಪ್ಪನನ್ನೂ ಅಜ್ಜಿಯನ್ನೂ ಮಲಗಲು ಕಳಿಸಿದೆ. ಆ ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೂಸಿಗೆ ರಾತ್ರಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಹೊಟ್ಟೆಯಲ್ಲಿದ್ದಾಗ ತಾಯಿ ಹಗಲೆಲ್ಲ ಓಡಾಡುತ್ತಾಳೆ, ಆ ತೂಗಾಟಕ್ಕೆ ಅದು ಮಲಗುತ್ತದೆ. ರಾತ್ರಿ ಅವಳು ಮೈ ಚಾಚಿದಾಗ ಒದೆಯಲು ಶುರು ಮಾಡುತ್ತದೆ. ಬಸುರಿಯಾಗಿದ್ದವರಿಗೆಲ್ಲ ಇದು ಗೊತ್ತಿರುವುದೇ ಅಲ್ವಾ? ಹೊರಗೆ ಬಂದ ತಕ್ಷಣ ಅದು ಬದಲಾಗಬೇಕು ಅಂದರೆ ಹೇಗೆ? ಹಗಲು ರಾತ್ರಿಯ ಲೆಕ್ಕ ಅದರ ಮೈಗೆ ಹತ್ತಲು ಎರಡು ಮೂರು ತಿಂಗಳು ಬೇಕು. ಎಳೇ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಹೊಟ್ಟೆ ಪುಟ್ಟದು, ಹಾಲು ಬೇಗ ಕರಗುತ್ತದೆ, ಎರಡು ಮೂರು ಗಂಟೆಗೆ ಮತ್ತೆ ಹಸಿವು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯಬೇಕಾದ ಮಗು ರಾತ್ರಿಪೂರ್ತಿ ಮಲಗಲಿ ಅಂತ ಆಸೆ ಪಡುವುದೇ ತಪ್ಪು. "ನಮ್ಮ ಪಾಪು ಹುಟ್ಟಿದ ವಾರದಿಂದ ಬೆಳಗಿನ ತನಕ ಮಲಗುತ್ತೆ" ಅನ್ನುವವರ ಮಾತು ಕೇಳಿ ಕೊರಗಬೇಡಿ. ನಮ್ಮ ಕೈಯಲ್ಲಿ ಇರುವುದು ಒಂದೇ. ಆ ತುಂಡುಗಳಲ್ಲಿ ದೊಡ್ಡ ತುಂಡು ರಾತ್ರಿಗೆ ಬೀಳುವ ಹಾಗೆ ಮಾಡುವುದು.

ಅದಕ್ಕೆ ಹಗಲು ಹಗಲಿನ ಹಾಗಿರಬೇಕು. ಬೆಳಿಗ್ಗೆ ಪರದೆ ಸರಿಸಿ. ಮಗು ಮಲಗಿದೆ ಅಂತ ಮಿಕ್ಸಿ ನಿಲ್ಲಿಸಬೇಡಿ, ಕುಕ್ಕರ್ ಕೂಗಲಿ, ಬಾಗಿಲು ಬಡಿದುಕೊಳ್ಳಲಿ. ನಾನು ಹೋದ ಮನೆಯಲ್ಲಿ ಹಗಲೆಲ್ಲ ಪರದೆ ಎಳೆದು, ಪಿಸುಗುಟ್ಟಿಕೊಂಡು, ತುದಿಗಾಲಲ್ಲಿ ಓಡಾಡುತ್ತಿದ್ದರು. ಕೂಸು ನಾಲ್ಕು ಗಂಟೆ ಒಂದೇ ಸಮ ಮಲಗಿದರೆ ಎಲ್ಲರಿಗೂ ಖುಷಿ. ಆ ನಾಲ್ಕು ಗಂಟೆ ರಾತ್ರಿಯದು, ಅದನ್ನು ಹಗಲಿಗೆ ಖರ್ಚು ಮಾಡಿಬಿಟ್ಟರು! ಹಗಲಲ್ಲಿ ಮಲಗಿ ಮೂರು ತಾಸು ಆಯಿತು ಅಂದರೆ ಅಂಗಾಲು ಸವರಿ ಎಬ್ಬಿಸಿ, ಹಾಲು ಕುಡಿಸಿ, ಮಾತಾಡಿಸಿ.

ರಾತ್ರಿ ಇದಕ್ಕೆ ಉಲ್ಟಾ. ಸಣ್ಣ ದೀಪ ಒಂದು, ಅದೂ ಮಗುವಿನ ಕಣ್ಣಿಗೆ ನೇರ ಬೀಳದ ಹಾಗೆ ಮಂಚದ ಕೆಳಗೋ ಬಾಗಿಲ ಹಿಂದೆಯೋ. ಹಾಲು ಕೊಡುವಾಗ ಮಾತು ಬೇಡ, ಕಣ್ಣಲ್ಲಿ ಕಣ್ಣಿಟ್ಟು ನಗುವುದೂ ಬೇಡ. ಅದೆಲ್ಲ ಹಗಲಿಗೆ ಇರಲಿ. ಹೇತಿದ್ದರೆ ಬಟ್ಟೆ ಬದಲಿಸಿ, ಸ್ವಲ್ಪ ಒದ್ದೆ ಅಂತ ಪ್ರತಿ ಸಲ ಬಿಚ್ಚಿ ತಣ್ಣೀರಲ್ಲಿ ಒರೆಸಿ ಎಬ್ಬಿಸಬೇಡಿ. ರಾತ್ರಿಯ ಎದೆಹಾಲಿನಲ್ಲೇ ನಿದ್ದೆಗೆ ಬೇಕಾದ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಲು ಹಿಂಡಿ ಫ್ರಿಜ್‌ನಲ್ಲಿ ಇಡುವವರು ಬಾಟಲಿಯ ಮೇಲೆ ಹಗಲಿನದೋ ರಾತ್ರಿಯದೋ ಅಂತ ಬರೆದಿಡಿ. ರಾತ್ರಿಯದನ್ನು ರಾತ್ರಿಗೇ ಕೊಡಿ.

ನನ್ನ ಮೊದಲ ಮಗ ಹುಟ್ಟಿದ್ದು 1974ರ ಮಳೆಗಾಲದಲ್ಲಿ, ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ. ಆಗ ಆ ಮನೆಗೆ ಕರೆಂಟು ಬಂದಿರಲಿಲ್ಲ. ಸಂಜೆ ಏಳಕ್ಕೆ ಊಟ, ಎಂಟಕ್ಕೆ ಲಾಟೀನಿನ ಬತ್ತಿ ಇಳಿಸಿದರೆ ಮುಗಿಯಿತು. ಬಾಣಂತಿ ಕೋಣೆಯಲ್ಲಿ ಕೈ ಮುಂದೆ ಕೈ ಕಾಣುತ್ತಿರಲಿಲ್ಲ. ಹೊರಗೆ ಹಂಚಿನ ಮೇಲೆ ಒಂದೇ ಸಮ ಮಳೆ. ಮಗು ಎದ್ದರೆ ಅಮ್ಮ ಕತ್ತಲಲ್ಲೇ ತಡವಿ ನನ್ನ ಮಗ್ಗುಲಿಗೆ ತಂದು ಕೊಡುತ್ತಿದ್ದಳು. ಒಂದು ಮಾತು ಆಡುತ್ತಿರಲಿಲ್ಲ. ಆಗ ನನಗೆ ಅದು ಕಷ್ಟ ಅನಿಸಿತ್ತು. ಎರಡನೆಯದು ಪೇಟೆಯಲ್ಲಿ, ಬೀದಿ ದೀಪ ಕಿಟಕಿಯೊಳಗೆ ಬೀಳುವ ಮನೆಯಲ್ಲಿ ಹುಟ್ಟಿದಾಗಲೇ ಆ ಕತ್ತಲಿನ ಬೆಲೆ ಗೊತ್ತಾಯಿತು. ಕಿಟಕಿಗೆ ಹಳೇ ಕಂಬಳಿ ಹೊಡೆದು ಕತ್ತಲು ಮಾಡಿಕೊಂಡೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಟ್ಟೆ ಸುತ್ತುವುದು ಮತ್ತು ಕೆಳಗೆ ಮಲಗಿಸುವುದು. ಹತ್ತರಲ್ಲಿ ಒಂಬತ್ತು ಜನ ಇದನ್ನೇ ಕೆಡಿಸುತ್ತಾರೆ. ತೋಳಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದ ಕೂಸು ಹಾಸಿಗೆ ಮುಟ್ಟಿದ ಕೂಡಲೇ ಕಿರುಚಿದರೆ ತಪ್ಪು ಮಗುವಿನದಲ್ಲ, ನಿಮ್ಮ ಕೈಯದು.

ಬಟ್ಟೆ ಹಳೇ ಹತ್ತಿ ಸೀರೆಯದೇ ಆಗಬೇಕು. ಅಂಗಡಿಯ ಕರಡಿ ಚಿತ್ರದ ದಪ್ಪ ಬಟ್ಟೆ ಬೇಡ, ಅದರಲ್ಲಿ ಮಗು ಬೇಯುತ್ತದೆ. ಹತ್ತು ವರ್ಷ ಉಟ್ಟು ಒಗೆದು ಮೆತ್ತಗಾದ ಸೀರೆ, ಅಂಚು ಸೆರಗು ಕತ್ತರಿಸಿ ತೆಗೆದು, ಎರಡು ಮೊಳ ಉದ್ದ, ಎರಡು ಮೊಳ ಅಗಲ. ಗಂಜಿ ಸೋಕಿರಬಾರದು. ಅಂಟುವಾಳ ನೆನೆಸಿ ಕಿವುಚಿದ ನೀರಲ್ಲಿ ಒಗೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ. ಘಮಘಮ ಅನ್ನುವ ಕಂಫರ್ಟ್ ಎಲ್ಲ ಹಾಕಬೇಡಿ. ಅಂಟುವಾಳ ಅಂದಾಗ ನೆನಪಾಯಿತು, ರೇಷ್ಮೆ ಸೀರೆಯನ್ನೂ ಈ ನೀರಲ್ಲೇ ಒಗೆಯಬಹುದು. ಸುಮ್ನೆ ಡ್ರೈಕ್ಲೀನಿಂಗ್‌ಗೆ ದುಡ್ಡು ಸುರಿಯುತ್ತೀರಿ. ಆದರೆ ಹಿಂಡಬೇಡಿ, ಹಳೇ ಟವೆಲಿನಲ್ಲಿ ಸುತ್ತಿ ನೀರು ಇಂಗಿಸಿ ನೆರಳಲ್ಲಿ ಹರಡಿ. ಬಣ್ಣ ಬಿಡುವ ಹೊಸ ಸೀರೆಯಾದರೆ ಒಂದು ಮೂಲೆ ನೆನೆಸಿ ನೋಡಿ ಆಮೇಲೆ ಪೂರ್ತಿ ಅದ್ದಿ. ಇರಲಿ, ಕೂಸಿನ ಮಾತಿಗೆ ಬರೋಣ.

ಹಾಲು ಕುಡಿಸುವ ಮೊದಲೇ ಸುತ್ತಬೇಕು. ಇದೇ ಗುಟ್ಟು. ಎಲ್ಲರೂ ಮೊದಲು ಕುಡಿಸುತ್ತಾರೆ, ಅದು ನಿದ್ದೆಗೆ ಜಾರುತ್ತದೆ, ಆಮೇಲೆ ಬಟ್ಟೆ ಬದಲಿಸಿ ಸುತ್ತಲು ಹೋಗಿ ಎಬ್ಬಿಸುತ್ತಾರೆ. ಎದ್ದ ಕೂಡಲೇ, ಬಟ್ಟೆ ಬದಲಿಸುವಷ್ಟು ಒದ್ದೆಯಾಗಿದ್ದರೆ ಅದನ್ನು ತೆಗೆದು, ಒಣಗಿದ್ದು ಹಾಕಿ, ಸುತ್ತಿ, ಆಮೇಲೆ ಎದೆಗೆ ಹಚ್ಚಿಕೊಳ್ಳಿ. ಹಾಲು ಕುಡಿಯುವಷ್ಟು ಹೊತ್ತು ಬಟ್ಟೆ ನಿಮ್ಮ ಮೈಗೆ ತಾಗಿ ಬೆಚ್ಚಗಾಗುತ್ತದೆ, ನಿಮ್ಮ ವಾಸನೆ ಹಿಡಿಯುತ್ತದೆ. ಆ ಬೆಚ್ಚಗಿನ ಬಟ್ಟೆಯೊಂದಿಗೇ ಮಗು ಕೆಳಗೆ ಹೋಗುತ್ತದೆ. ತಣ್ಣನೆಯ ಹಾಸಿಗೆ ಬೆನ್ನಿಗೆ ತಾಗುವುದಿಲ್ಲ.

ಸುತ್ತುವುದು ಹೀಗೆ. ಬಟ್ಟೆಯ ಒಂದು ಮೂಲೆ ಮೇಲೆ ಬರುವ ಹಾಗೆ ಹಾಸಿ, ಆ ಮೂಲೆಯನ್ನು ನಾಲ್ಕು ಬೆರಳು ಒಳಗೆ ಮಡಚಿ. ಮಡಿಕೆಯ ಗೆರೆಗೆ ಭುಜ ಬರಲಿ, ತಲೆ ಹೊರಗೆ. ಕೈಗಳನ್ನು ಸೊಂಟದ ಕಡೆಗೆ ಎಳೆದು ಕಟ್ಟಬೇಡಿ, ಮಡಚಿ ಎದೆಯ ಮೇಲೆ ಇರಲಿ. ಹೊಟ್ಟೆಯಲ್ಲಿ ಹಾಗೇ ತಾನೇ ಇತ್ತು? ಒಂದು ಬದಿ ಎಳೆದು ಎದೆಯ ಮೇಲಿಂದ ಬೆನ್ನ ಕೆಳಗೆ ಸಿಕ್ಕಿಸಿ. ಕೆಳಗಿನ ಮೂಲೆ ಸಡಿಲವಾಗಿ ಮೇಲೆತ್ತಿ. ಆಮೇಲೆ ಇನ್ನೊಂದು ಬದಿ. ಎದೆಗೂ ಬಟ್ಟೆಗೂ ನಡುವೆ ನಿಮ್ಮ ಎರಡು ಬೆರಳು ಸರಾಗವಾಗಿ ಹೋಗಬೇಕು. ಸೊಂಟದಿಂದ ಕೆಳಗೆ ಚೀಲದ ಹಾಗೆ ಸಡಿಲ ಇರಲಿ, ಕಾಲು ಕಪ್ಪೆಯ ಹಾಗೆ ಅಗಲಿಸಿ ಒದೆಯುವಷ್ಟು. ನಮ್ಮ ಕಾಲದಲ್ಲಿ ಕಾಲು ನೆಟ್ಟಗಾಗಲಿ ಅಂತ ಎರಡೂ ಕಾಲು ಜೋಡಿಸಿ ಬಿಗಿಯಾಗಿ ಕಟ್ಟುತ್ತಿದ್ದರು. ಅದು ತಪ್ಪು. ಸೊಂಟದ ಕೀಲು ಕೆಡುತ್ತದೆ. ಮಗು ಮಗುಚಿಕೊಳ್ಳಲು ಹೊರಟಿತು ಅಂದ ದಿನದಿಂದ, ಎರಡು ತಿಂಗಳಿಗಾಗಲಿ ಮೂರಕ್ಕಾಗಲಿ, ಸುತ್ತುವುದನ್ನೇ ಬಿಟ್ಟುಬಿಡಿ.

ಹಾಲು ಆಯಿತು, ಭುಜಕ್ಕೆ ಹಾಕಿಕೊಂಡು ತೇಗು ಬರಿಸಿದಿರಿ. ಆತುರ ಪಡಬೇಡಿ. ಕಣ್ಣು ಮುಚ್ಚಿದ ಕೂಡಲೇ ಕೆಳಗಿಡುವವರೇ ಜಾಸ್ತಿ. ಆಗ ಅದರದು ತೆಳು ನಿದ್ದೆ. ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತಿರುತ್ತದೆ, ತುಟಿ ಚೀಪುತ್ತಿರುತ್ತದೆ, ಮುಷ್ಟಿ ಬಿಗಿ ಇರುತ್ತದೆ. ಕಾಯಿರಿ. ನಾನು ನೂರು ಎಣಿಸುತ್ತೇನೆ, ಮತ್ತೆ ನೂರು, ಬೇಕಾದರೆ ಮತ್ತೂ ನೂರು. ಬಟ್ಟೆಯ ಮೇಲಿಂದಲೇ ಬೆರಳು ಸೇರಿಸಿ ಮುಷ್ಟಿ ಮುಟ್ಟಿ ನೋಡಿ. ಅರಳಿರಬೇಕು. ಮೊಣಕೈಯನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬೀಳಬೇಕು. ಬೀಳಲಿಲ್ಲವೇ, ಇನ್ನೂ ನೂರು.

ಇಡುವಾಗ ಮಗುವನ್ನು ನಿಮ್ಮ ಎದೆಗೆ ಒತ್ತಿಕೊಂಡೇ ನೀವು ಹಾಸಿಗೆಯ ತನಕ ಬಗ್ಗಿ. ಅದನ್ನು ಗಾಳಿಯಲ್ಲಿ ತೇಲಿಸಿಕೊಂಡು ಹೋಗಬೇಡಿ. ಬಿದ್ದ ಹಾಗೆ ಅನಿಸಿ ಎರಡೂ ಕೈ ಚಾಚಿ ಬೆಚ್ಚಿಬೀಳುತ್ತದೆ. ಮೊದಲು ಕುಂಡೆ ತಾಗಲಿ, ಆಮೇಲೆ ಬೆನ್ನು, ಕಟ್ಟಕಡೆಗೆ ತಲೆ. ತಲೆ ಮೊದಲು ಇಟ್ಟರೆ ಕೆಲಸ ಕೆಟ್ಟಿತು. ತಲೆ ಇಟ್ಟ ಮೇಲೆ ಒಂದು ಅಂಗೈ ಎದೆಯ ಮೇಲೆ ಹಗುರವಾಗಿ ಇರಲಿ, ಕತ್ತಿನ ಕೆಳಗಿನ ಕೈಯನ್ನು ಹಾಸಿಗೆಯನ್ನು ಕೆಳಕ್ಕೆ ಒತ್ತುತ್ತಾ ಎಳೆದುಕೊಳ್ಳಿ. ಮಗುವನ್ನು ಎತ್ತಬೇಡಿ, ಹಾಸಿಗೆಯನ್ನು ತಗ್ಗಿಸಿ. ಈಗ ಎದೆಯ ಮೇಲಿನ ಕೈ. ಅದನ್ನು ಕೂಡಲೇ ತೆಗೆಯಬಾರದು. ನಾಲ್ಕೈದು ಉಸಿರು ಹಾಗೇ ಬಿಟ್ಟು, ಭಾರ ಕಡಿಮೆ ಮಾಡುತ್ತಾ ಬನ್ನಿ. ಆಮೇಲೆ ಕಿರುಬೆರಳು ಎತ್ತಿ, ಉಂಗುರದ ಬೆರಳು, ನಡುಬೆರಳು. ಕೊನೆಗೆ ಹೆಬ್ಬೆರಳು. ನಗಬೇಡಿ. ನನ್ನ ಮೂವರು ಮಕ್ಕಳು, ಏಳು ಮೊಮ್ಮಕ್ಕಳು ಎಲ್ಲರೂ ಈ ಬೆರಳಿನ ಕೆಳಗೇ ಮಲಗಿದವರು.

ಮಲಗಿಸುವುದು ಅಂಗಾತ, ಯಾವಾಗಲೂ ಅಂಗಾತವೇ. ಬೋರಲು ಹಾಕಿದರೆ ಚೆನ್ನಾಗಿ ಮಲಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಉಸಿರು ಕಟ್ಟುವ ಅಪಾಯ. ಗಟ್ಟಿ ಹಾಸಿಗೆ, ಅದರ ಮೇಲೆ ಏನೂ ಇರಬಾರದು. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಡುತ್ತೀರಲ್ಲ, ಅದೂ ಬೇಡ. ಮೆತ್ತನೆಯ ಗೊಂಬೆಯೂ ಬೇಡ. ಸೀರೆಯ ಜೋಲಿ ನನಗೆ ಇಷ್ಟವೇ, ಆದರೆ ಅದು ಹಗಲಿಗೆ, ಪಕ್ಕದಲ್ಲಿ ಯಾರಾದರೂ ಕೂತಿದ್ದಾಗ. ಅದರಲ್ಲಿ ಗದ್ದ ಎದೆಗೆ ಮಡಚಿಕೊಳ್ಳುತ್ತದೆ. ರಾತ್ರಿ ಸಮತಟ್ಟು ಜಾಗ ಬೇಕು. ಹಾಲು ಕೊಡುತ್ತಾ ಸೋಫಾದ ಮೇಲೆ ನಿದ್ದೆ ಹೋಗುವುದಂತೂ ಬೇಡವೇ ಬೇಡ. ಬೆಂಗಳೂರಿನ ಮುಚ್ಚಿದ ಫ್ಲಾಟಿನಲ್ಲಿ ಕುಲಾವಿ, ಸ್ವೆಟರು, ಮೇಲೆ ಕಂಬಳಿ ಯಾಕೆ? ಅಂಗೈ ತಣ್ಣಗಿದೆ ಅಂತ ಹೊದಿಸುತ್ತಾರೆ. ಕೂಸಿನ ಅಂಗೈ ತಣ್ಣಗೇ ಇರುತ್ತದೆ. ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಬಟ್ಟೆ ಕಳಚಿ.

ನಿದ್ದೆ ಬರಲಿ ಅಂತ ಬಾಯಿಗೆ ಏನೂ ಹಾಕಬೇಡಿ. ಜೇನುತುಪ್ಪ ಒಂದು ವರ್ಷದ ತನಕ ವಿಷವೇ ಅಂದುಕೊಳ್ಳಿ. ಬಜೆ ತೇಯ್ದು ನೆಕ್ಕಿಸುವುದು, ಗಸಗಸೆ ಅರೆದು ಕೊಡುವುದು, ಗ್ರೈಪ್ ವಾಟರ್, ಸಕ್ಕರೆ ನೀರು ಯಾವುದೂ ಬೇಡ. ಆರು ತಿಂಗಳು ಹಾಲು ಬಿಟ್ಟರೆ ನೀರೂ ಬೇಡ. ಮೂಗಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿ ಹೊಗೆಗೆ ಮುಖ ಹಿಡಿಯುವುದು ನಮ್ಮ ಮನೆಯಲ್ಲೂ ಇತ್ತು. ನಾನೇ ನಿಲ್ಲಿಸಿದೆ. ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ, ಮೆಣಸಿನಕಾಯಿ ಮಾತ್ರ ಮಗುವಿರುವ ಕೋಣೆಯಿಂದ ದೂರ ಸುಡಿ.

ಗೋಧೂಳಿ ಹೊತ್ತಿಗೆ ಶುರುವಾಗಿ ಎರಡು ಮೂರು ಗಂಟೆ ನಿಲ್ಲದ ಅಳು ಬೇರೆಯೇ. ಎರಡು ಮೂರು ವಾರಕ್ಕೆ ಶುರುವಾಗುತ್ತದೆ, ಆರನೇ ವಾರದ ಹೊತ್ತಿಗೆ ಜೋರು, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಎದೆಗೆ ನೆಟ್ಟಗೆ ಹಿಡಿದು ನಡೆಯಿರಿ, ಕಿವಿಯ ಹತ್ತಿರ ಶ್ ಶ್ ಅನ್ನಿ, ಮಳೆ ಬಿದ್ದ ಹಾಗೆ ಒಂದೇ ಸಮ. ಕೈ ಸೋತು ಸಿಟ್ಟು ಬಂದರೆ ಮಗುವನ್ನು ಅಂಗಾತ ಮಲಗಿಸಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬನ್ನಿ. ಐದು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಸಿಟ್ಟಲ್ಲಿ ಜೋರಾಗಿ ಅಲುಗಾಡಿಸಿದರೆ ಮಾತ್ರ ಮೆದುಳಿಗೇ ಪೆಟ್ಟು. ಮೈ ಬಿಸಿ 100.4 ಡಿಗ್ರಿ ಮುಟ್ಟಿದರೆ, ಹಾಲೇ ಬೇಡ ಅಂದರೆ, ಹಸಿರು ವಾಂತಿಯಾದರೆ, ಎಬ್ಬಿಸಿದರೂ ಏಳದೆ ಸೋತು ಮಲಗಿದ್ದರೆ, ಉಸಿರು ಏದುಸಿರಾದರೆ, ದಿನಕ್ಕೆ ಐದಾರು ಸಲವೂ ಉಚ್ಚೆ ಹೊಯ್ಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಡಾಕ್ಟರ ಹತ್ತಿರ ಓಡಿ.

ಆ ಮನೆಯಲ್ಲಿ ನಾನು ಪಾಳಿ ಮಾಡಿ ಕೊಟ್ಟೆ. ಒಂಬತ್ತಕ್ಕೆ ಹಾಲು ಕೊಟ್ಟು ತಾಯಿ ಬೇರೆ ಕೋಣೆಯಲ್ಲಿ ಮಲಗಬೇಕು. ಮುಂದಿನ ಹಾಲಿನ ತನಕ ಎತ್ತುವುದು, ಸುತ್ತುವುದು, ತೇಗು ಬರಿಸುವುದು ಎಲ್ಲ ಅಪ್ಪನದು. ಮೊದಲ ಎರಡು ರಾತ್ರಿ ಅವನು ತಲೆಯನ್ನೇ ಮೊದಲು ಇಟ್ಟ, ಮತ್ತೆ ಮತ್ತೆ ಎತ್ತಿಕೊಂಡ. ಮೂರನೇ ರಾತ್ರಿ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕತ್ತಲಲ್ಲಿ ಬಗ್ಗಿಕೊಂಡು ಕಿರುಬೆರಳು ಎತ್ತಿದ, ಉಂಗುರದ ಬೆರಳು ಎತ್ತಿದ, ಅಲ್ಲೇ ನಿಂತ. ಕೂಸು ಒಂದು ನಿಟ್ಟುಸಿರು ಬಿಟ್ಟು ಮಲಗಿತು. ತಾಯಿಯ ತಲೆದೆಸೆಗೆ ಫ್ಲಾಸ್ಕಿನಲ್ಲಿ ಬಿಸಿ ಜೀರಿಗೆ ಕಷಾಯ, ಡಬ್ಬಿಯಲ್ಲಿ ಎರಡು ಅಂಟಿನುಂಡೆ ಇಟ್ಟು ನಾನೂ ಹೋಗಿ ಮಲಗಿದೆ.