ಮೆಟ್ರೋದಲ್ಲಿ ಕೂತು 4 ಲಕ್ಷ ರಾಮನಾಮ ಬರೆದೆ: ನನ್ನ ಅನುಭವ

ಹೋದ ತಿಂಗಳು ನಾನು ಬರೆದ ರಾಮನಾಮ 4 ಲಕ್ಷ ದಾಟ್ತು. "ಮೂರು ತಿಂಗಳಿಗೆ ಬಿಟ್ಟುಬಿಡ್ತಾಳೆ ನೋಡಿ" ಅಂತ ನಮ್ಮತ್ತೆ, ನಾದಿನಿ, ಆಫೀಸಲ್ಲಿ ಪಕ್ಕದ ಸೀಟಿನವರು ಎಲ್ರೂ ಅಂದಿದ್ರು, ಅದಕ್ಕೇ ಇದನ್ನ ಬರೀತಿದೀನಿ. ರಾಮಕೋಟಿ, ಅಂದ್ರೆ ಕೋಟಿ ಸಲ ರಾಮನಾಮ ಬರೆಯೋದು, ಶುರು ಮಾಡಿ, ಅರ್ಧಕ್ಕೆ ನಿಂತು, ಪುಸ್ತಕ ನೋಡ್ದಾಗೆಲ್ಲ ಸಂಕಟಪಡೋರು ನನ್ನ ಥರ ತುಂಬಾ ಜನ ಇದ್ದೀರ ಅಂತ ಗೊತ್ತು. ಸಂಕಲ್ಪ ಹೇಗೆ, ಫಲ ಏನು ಅದೆಲ್ಲ ನಿಮಗೆ ಗೊತ್ತಿರೋದೇ, ಅದರ ಗೋಜಿಗೆ ಹೋಗಲ್ಲ.

ಮೊದಲ ಸಲ 2019ರ ರಾಮನವಮಿಗೆ ಕೂತೆ. ಬೆಳಗ್ಗೆ 5ಕ್ಕೆ ಎದ್ದು ಸ್ನಾನ ಮಾಡಿ ದೇವರ ಮುಂದೆ ದಿನಕ್ಕೆ ಸಾವಿರ ಅಂತ. ಸಾವಿರ ಬರೆಯೋಕೆ ಒಂದೂವರೆ ಗಂಟೆ ಹಿಡಿಯುತ್ತೆ, ಮಗನ ಟಿಫನ್ ಡಬ್ಬಿ, 7.20ಕ್ಕೆ ಆಫೀಸ್ ಕ್ಯಾಬು, ಒಂದಿನ ತಪ್ತು, ನಾಳೆ 2 ಸಾವಿರ ಬರೀತೀನಿ ಅಂದ್ಕೊಂಡೆ, ಆ ನಾಳೆಯೂ ತಪ್ತು, ಹಿಂಗೇ ಬಾಕಿ ಬೆಳೆದು ಒಂದು ಭಾನುವಾರ 6 ಸಾವಿರದ ಸಾಲ ತೀರಿಸೋಕೆ ಕೂತೆ. ಸಂಜೆ ಹೊತ್ತಿಗೆ ಮಣಿಕಟ್ಟು ಊದಿಕೊಂಡು ಚಪಾತಿ ಲಟ್ಟಿಸೋಕೂ ಆಗ್ಲಿಲ್ಲ. ಡಾಕ್ಟ್ರಿಗೆ 600, ಫಿಸಿಯೋಥೆರಪಿಗೆ ಇನ್ನೊಂದು 2 ಸಾವಿರ ಆಗಿರಬೇಕು. ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಒಟ್ಟು ಬರೆದಿದ್ದು 19-20 ದಿನ ಅಷ್ಟೇ.

ಲಾಕ್‌ಡೌನಲ್ಲಿ ಫೋನಲ್ಲಿ ಟೈಪ್ ಮಾಡೋಕೆ ಶುರು ಮಾಡ್ದೆ. ಶ್ರೀ ಅಂತ ಒತ್ತಿದ್ರೆ ಕೀಬೋರ್ಡೇ ಪೂರ್ತಿ ಪದ ತೋರಿಸುತ್ತೆ, 40 ಸಾವಿರ ಸಲೀಸಾಗಿ ಆಗೋಯ್ತು. ಅತ್ತೆ ಪಕ್ಕದಲ್ಲಿ ಕೂತು ನೋಡ್ತಿದ್ದೋರು ಒಂದಿನ "ಬೆರಳು ಒತ್ತುತ್ತಿದೆ ಕಣೆ, ನಾಮ ಎಲ್ಲಿ ಬರ್ತಿದೆ?" ಅಂದ್ರು. ಆಗ ಕೋಪ ಬಂತು, ಆದ್ರೆ ಅವರು ಹೇಳಿದ್ದೇ ಸರಿ, ಬಾಯಿ ಮನಸ್ಸು ಎರಡೂ ಬೇರೆಲ್ಲೋ ಇರ್ತಿತ್ತು. ಆ 40 ಸಾವಿರನ ನಾನು ಲೆಕ್ಕಕ್ಕೇ ತಗೊಂಡಿಲ್ಲ.

ಆಮೇಲೆ ಅವೆನ್ಯೂ ರೋಡಿಗೆ ಹೋಗಿ 60 ರಾಮಕೋಟಿ ಪುಸ್ತಕ ಒಟ್ಟಿಗೆ ತಂದೆ, ಸುಮಾರು 2,700 ಕೊಟ್ಟೆ. ಅದರ ಚೌಕ ಚಿಕ್ಕದು. ಕನ್ನಡದಲ್ಲಿ ಶ್ರೀ ಬರೆದ್ರೆ ರ ಒತ್ತು ಕೆಳಗಿನ ಚೌಕಕ್ಕೆ ಇಳಿಯುತ್ತೆ, ಮುಂದಿನ ಸಾಲಿನ ನಾಮ ಆ ಒತ್ತಿನ ಮೇಲೇ ಬರೆಯಬೇಕು, ಅದು ನನಗೆ ಸಮಾಧಾನ ಆಗ್ಲಿಲ್ಲ. ಪೇಪರು ಬೇರೆ ತೆಳು, ಜೆಲ್ ಪೆನ್ನು ಹಿಂದಕ್ಕೆ ಮೂಡ್ತಿತ್ತು. 50 ಪುಸ್ತಕ ಹಾಗೇ ಉಳೀತು. ಪಕ್ಕದ ಮನೆ ಆಂಟಿ ಹಿಂದೀಲಿ ಬರೀ ರಾಮ ಅಂತ ಬರೀತಾರೆ, ಅವರಿಗೆ ಆ ಚೌಕ ಸರಿಹೋಯ್ತು, ಕೊಟ್ಟುಬಿಟ್ಟೆ.

ದಾರಿ ಸಿಕ್ಕಿದ್ದು 2023ರ ಅಕ್ಟೋಬರಲ್ಲಿ, ಬೈಯಪ್ಪನಹಳ್ಳಿ ಕೆ.ಆರ್.ಪುರ ನಡುವಿನ ಮೆಟ್ರೋ ಓಡಿ ನೇರಳೆ ಮಾರ್ಗ ವೈಟ್‌ಫೀಲ್ಡ್ ತನಕ ಕೂಡಿಕೊಂಡಾಗ. ವಿಜಯನಗರದಿಂದ ಕುಂದಲಹಳ್ಳಿಗೆ ಕ್ಯಾಬಲ್ಲಿ ಎರಡು ಗಂಟೆ ಕುಲುಕಾಡ್ತಿದ್ದೋಳು ಈಗ ಹೆಚ್ಚುಕಮ್ಮಿ ಐವತ್ತು ನಿಮಿಷದ ದಾರೀಲಿ ಬಹುಪಾಲು ಒಂದೇ ಕಡೆ ಕೂರ್ತೀನಿ. ಬೆಳಗ್ಗೆ 5 ಗಂಟೆ ಅಂತ ಹೊತ್ತಿಗೆ ಕಟ್ಟಿದ್ದೇ ನನ್ನ ತಪ್ಪು, ಹೊತ್ತು ಮನೇಲಿ ಹತ್ತು ಜನರ ಪಾಲು. ಜಾಗಕ್ಕೆ ಕಟ್ಟಿದೆ. ರೈಲಲ್ಲಿ ಕೂತ್ರೆ ಪುಸ್ತಕ ತೆಗೀಬೇಕು, ಇಳಿದ್ರೆ ಮುಚ್ಚಬೇಕು, ಬರೆದಷ್ಟೇ ಆ ದಿನದ್ದು, ಬಾಕಿ ಅನ್ನೋದೇ ಇಲ್ಲ. ಈ ಬಾಕಿ ಇಲ್ಲ ಅನ್ನೋದನ್ನ ಒಪ್ಪಿಕೊಳ್ಳೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ಪುಸ್ತಕ ಈಗ ನಾನೇ ಮಾಡಿಸ್ತೀನಿ. ಕಾಟನ್‌ಪೇಟೆ ಕಡೆ ಒಬ್ಬ ಬೈಂಡರ್, ಅಡ್ಡ 9 ಉದ್ದ 12 ಚೌಕ, ಪುಟಕ್ಕೆ ಸರಿಯಾಗಿ 108, ನೂರು ಪುಟ, ತೊಡೆ ಮೇಲೆ ಇಟ್ಟು ಬರೆಯೋಕೆ ದಪ್ಪ ರಟ್ಟು. 40 ಪುಸ್ತಕಕ್ಕೆ 3,200ರ ಹತ್ರ ಆಯ್ತು, ಇಲ್ಲೀತನಕ 37 ತುಂಬಿದೆ. ಸಾದಾ ಕೆಂಪು ಬಾಲ್ ಪೆನ್ನೇ ಒಳ್ಳೇದು, ಒಂದು ರೀಫಿಲ್‌ಗೆ 12 ಸಾವಿರ ನಾಮ ಬರುತ್ತೆ, ನಾನೇ ಎಣಿಸಿದೀನಿ, ಎರಡು ವರ್ಷಕ್ಕೂ ಮೇಲೆ ಪೆನ್ನಿನ ಖರ್ಚು 300 ರೂಪಾಯಿ ದಾಟಿಲ್ಲ. ಹೋಗ್ತಾ 4 ಪುಟ, ಬರ್ತಾ ಎರಡೂವರೆ, ಸುಮಾರು 700.

ಮೆಟ್ರೋದಲ್ಲಿ ಸೀಟು ಅಡ್ಡಕ್ಕೆ ಇರೋದ್ರಿಂದ ಬ್ರೇಕ್ ಹಾಕಿದಾಗ ಮೈ ಪಕ್ಕಕ್ಕೆ ವಾಲುತ್ತೆ, ಆಗ ಮ ಅಕ್ಷರದ ಕೊನೇ ಸುರುಳಿ ಎಳ್ಕೊಂಡು ಪಕ್ಕದ ಚೌಕಕ್ಕೆ ಹೋಗುತ್ತೆ. ನನ್ನ ಮೊದಲ ಪುಸ್ತಕ ತೆಗೆದ್ರೆ ಎಲ್ಲೆಲ್ಲಿ ಸ್ಟೇಷನ್ ಬಂತು ಅಂತ ಹೇಳಬಹುದು. ಈಗ ಬ್ರೇಕಿನ ಸದ್ದು ಕೇಳಿದ ತಕ್ಷಣ ಕೈ ಎತ್ತಿ, ಬಾಯಲ್ಲಿ ನಾಮ ಹೇಳ್ಕೊಂಡು, ಬಾಗಿಲು ಮುಚ್ಚಿದ್ಮೇಲೆ ಮುಂದುವರಿಸ್ತೀನಿ. ಮೆಜೆಸ್ಟಿಕ್ ತನಕ ನಿಂತೇ ಹೋಗೋದು, ಅಲ್ಲಿ ಹಸಿರು ಮಾರ್ಗಕ್ಕೆ ಇಳಿಯೋರು ಜಾಸ್ತಿ. ಯಾವ ಬಾಗಿಲ ಹತ್ರ ನಿಂತ್ರೆ ಸೀಟು ಗ್ಯಾರಂಟಿ ಅನ್ನೋದು ಮಾತ್ರ ಹೇಳಲ್ಲ, ಕ್ಷಮಿಸಿ. ಪುಸ್ತಕ ತೆರೆಯೋ ಮುಂಚೆ ನಾನು ಮಾಡೋ ಒಂದು ಚಿಕ್ಕ ಕೆಲಸ ಇದೆ, ಅದೂ ನನ್ನದೇ ಇರಲಿ.

"ಚಪ್ಪಲಿ ಕಾಲಲ್ಲಿ, ಮಡಿ ಇಲ್ದೆ ಬರೆಯೋದಾ?" ಅಂತ ಅತ್ತೆ ವರ್ಷಪೂರ್ತಿ ಕೇಳಿದ್ರು. ನಮ್ಮ ಪುರೋಹಿತರು ನಾಮಸ್ಮರಣೆಗೆ ದೇಶ ಕಾಲದ ನಿಯಮ ಇಲ್ಲಮ್ಮ ಅಂದ್ರು. ಆದ್ರೂ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟೇ ಬರೆಯೋದು. ತಿಂಗಳ ಆ 3 ದಿನ ನಮ್ಮನೇಲಿ ಪುಸ್ತಕ ಮುಟ್ಟಲ್ಲ, ಅದೇ ಸೀಟಲ್ಲಿ ಕಣ್ಮುಚ್ಚಿ ಮನಸ್ಸಲ್ಲೇ ಮಾಡ್ತೀನಿ. ವರ್ಕ್ ಫ್ರಮ್ ಹೋಂ ದಿನ ಎಲ್ಲಕ್ಕಿಂತ ಕಷ್ಟ, ಬಾಲ್ಕನಿ ಸ್ಟೂಲ್ ಮೇಲೆ ಆಫೀಸ್ ಬ್ಯಾಗು ತೊಡೆ ಮೇಲಿಟ್ಟು ಕೂತ್ರೆ ಮಾತ್ರ ಕೈ ಓಡುತ್ತೆ.

ಬೇರೆ ಪ್ರಯೋಗಗಳೂ ಮಾಡ್ದೆ. "ಶ್ರೀ ರಾಮ ಜಯ ರಾಮ ಜಯ ಜಯ ರಾಮ" 13 ಅಕ್ಷರದ್ದು ಬರೆದು ನೋಡ್ದೆ, ಒಂದು ಸಾಲಿಗೆ ಎರಡೇ ಕೂರೋದು, ಅದು ಜಪಕ್ಕೇ ಸರಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವ ನಡೆಯುತ್ತಲ್ಲ, 1939ರಿಂದ ನಡೆದು ಬಂದಿರೋದು, ಅಲ್ಲಿ ಕೂತು ಬರೆದೆ. ಕೈ ತಾನಾಗೇ ಆದಿತಾಳಕ್ಕೆ ಹೊಂದಿಕೊಂಡು ಎರಡು ಪುಟ ಹೋಗಿದ್ದೇ ಗೊತ್ತಾಗ್ಲಿಲ್ಲ, ಅಕ್ಷರ ಕೆಟ್ಟಿತ್ತು, ಆದ್ರೆ ಅಷ್ಟು ಸುಖ ಯಾವತ್ತೂ ಸಿಕ್ಕಿಲ್ಲ. ಏಕಾದಶಿ ನಿರಾಹಾರ ಮಾಡ್ಕೊಂಡು ಬರೆಯೋಕೆ ಹೋಗಿ ಇಂದಿರಾನಗರದಲ್ಲಿ ಕಣ್ಣು ಕತ್ತಲೆ ಬಂತು, ಈಗ ಹಾಲು ಬಾಳೆಹಣ್ಣು ತಗೋತೀನಿ.

ವರ್ಷಕ್ಕೆ 2 ಲಕ್ಷ ಅಂದ್ರೆ ಕೋಟಿಗೆ 50 ವರ್ಷ ಬೇಕು, ಈ ಲೆಕ್ಕ ನನ್ನನ್ನ ತುಂಬಾ ಕಾಡಿತ್ತು. 3 ಲಕ್ಷ ಆದ ದಿನ ಅತ್ತೆ ಏನೂ ಹೇಳದೆ ಅವರ ಟ್ರಂಕ್ ತೆಗೆಸಿದ್ರು. ಒಳಗೆ ಅವರೇ ಬರೆದಿದ್ದ ರಾಮನಾಮ, ಮದುವೆ ಆದ ಹೊಸದರಲ್ಲಿ ಶುರು ಮಾಡಿ, ಕೈ ನಡುಕ ಬಂದ್ಮೇಲೆ ನಿಲ್ಲಿಸಿದ್ದು, 38 ಲಕ್ಷ. ನನಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಪುರೋಹಿತರನ್ನ ಕೇಳಿ ಮನೆತನದ ಕೋಟಿ ಅಂತ ಸಂಕಲ್ಪ ಬದಲಾಯಿಸಿಕೊಂಡ್ವಿ, ಈಗ 42 ಲಕ್ಷ. ಹೊಸದಾಗಿ ಇನ್ನೊಂದು 40 ಪುಸ್ತಕ ಬೈಂಡಿಂಗ್‌ಗೆ ಕೊಟ್ಟಿದೀನಿ, ಅದರಲ್ಲಿ 5 ದೊಡ್ಡ ಚೌಕದ್ದು, ಪುಟಕ್ಕೆ 24 ಮಾತ್ರ, ಅತ್ತೆಗೆ.