ಕಬ್ಬಿನ ಬಿಲ್ಲಿನ ಬೀನ್ ವೆಬ್ ಸೇವೆಯಾದದ್ದು

ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಬಿಲ್ಲಿನ ಲೆಕ್ಕವೆಲ್ಲ ಜಾವಾದ ಒಂದು ಸೆಷನ್ ಬೀನ್‌ನಲ್ಲಿತ್ತು; ಅಂದರೆ ಸರ್ವರ್‌ನೊಳಗೆ ನಡೆಯುವ ಒಂದು ಜಾವಾ ಕ್ಲಾಸ್‌ನಲ್ಲಿ. ಕಬ್ಬಿನ ಗಾಡಿಗಳನ್ನು ತೂಗುವ ವೇಬ್ರಿಡ್ಜ್ ಕೋಣೆಯ ತಂತ್ರಾಂಶ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನದು. ಎರಡನ್ನೂ ಮಾತಿಗೆ ಕೂರಿಸಲು ಎಕ್ಸ್‌ಎಂಎಲ್ ಸಂದೇಶಗಳಲ್ಲಿ ಮಾತಾಡುವ ಸೋಪ್ ವೆಬ್ ಸೇವೆಯನ್ನು ಆರಿಸಿಕೊಂಡೆ.

ಬೀನ್ ಅನ್ನು ಸೇವೆಯಾಗಿಸುವುದು ಸುಲಭ. 2006ರ ಜಾವಾ ಇಇ 5ರಿಂದೀಚೆಗೆ ಕ್ಲಾಸ್‌ನ ಮೇಲೆ ‘ವೆಬ್‌ಸರ್ವಿಸ್’ ಅನೊಟೇಶನ್ (ಕೋಡ್‌ಗೆ ಹಚ್ಚುವ ಗುರುತುಚೀಟಿ) ಬರೆದರೆ ಸಾಕು; ಅದಕ್ಕೂ ಹಿಂದಿನವರು ಎಕ್ಸ್‌ಎಂಎಲ್ ಕಡತಗಳನ್ನು ಬರೆದೇ ಸುಸ್ತಾಗುತ್ತಿದ್ದರು. ಬೆವರಿಳಿಸುವುದು ಅದನ್ನು ಸರ್ವರ್‌ಗೆ ಏರಿಸುವ ಕೆಲಸ. ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲು ರಾತ್ರಿಯಿಡೀ ಕರಗುವುದಿಲ್ಲ. ಬಿಲ್ಲಿನಲ್ಲಿ ಹಣ ಕಡಿತದ ನಿಯಮವೊಂದು ಬದಲಾದರೆ ರಾತ್ರಿ ಪಾಳಿಯ ಆಪರೇಟರ್ ಒಂದೇ ಆಜ್ಞೆಯಲ್ಲಿ ಹೊಸದನ್ನು ಏರಿಸಬೇಕು, ಏರಿತೋ ಇಲ್ಲವೋ ಎಂಬುದು ಅವರಿಗೆ ಖಚಿತವಾಗಬೇಕು. ಅದಕ್ಕೆಂದೇ, ಇಂಥ ಕೆಲಸಗಳನ್ನು ಸಾಲಾಗಿ ತಾನೇ ಮಾಡುವ ಆ್ಯಂಟ್ ಎಂಬ ಉಪಕರಣಕ್ಕೆ ಸ್ಕ್ರಿಪ್ಟ್ ಬರೆದೆ. ಸರ್ವರ್ ಕೋಣೆಗೆ ಇಂಟರ್‌ನೆಟ್ ಇಲ್ಲವಾದ್ದರಿಂದ, ಜಾರ್‌ಗಳನ್ನೆಲ್ಲ (ಜಾವಾ ಕೋಡ್ ಕಟ್ಟಿಟ್ಟ ಕಡತಗಳು) ಒಂದು ಫೋಲ್ಡರ್‌ನಲ್ಲಿಟ್ಟುಕೊಂಡು ನಡೆಯುವ ಆ್ಯಂಟ್ ಇಲ್ಲಿ, ಅವನ್ನು ಸಾಮಾನ್ಯವಾಗಿ ಇಂಟರ್‌ನೆಟ್‌ನಿಂದ ತರಿಸಿಕೊಳ್ಳುವ ಮೇವನ್‌ಗಿಂತ ಹಗುರ.

ಬೀನ್ ನಡೆಯುವ ಸರ್ವರ್ ತಂತ್ರಾಂಶ ವೈಲ್ಡ್‌ಫ್ಲೈ. ಜಾರ್ ಕಂಡೊಡನೆ ತಾನೇ ಏರಿಸಿಕೊಳ್ಳುವ ಅದರ ಅಭ್ಯಾಸವನ್ನು ಮೊದಲು ಬಿಡಿಸಿದೆ. ಕಡತ ಪೂರ್ತಿ ನಕಲಾದ ಮೇಲೆ ಅದೇ ಹೆಸರಿನ ಕೊನೆಗೆ ‘ಡುಡಿಪ್ಲಾಯ್’ ಸೇರಿಸಿದ ಖಾಲಿ ಕಡತವನ್ನು ಸ್ಕ್ರಿಪ್ಟ್ ಇಡುತ್ತದೆ. ಸರ್ವರ್ ಅದನ್ನು ನೋಡಿ ಕೆಲಸ ಆರಂಭಿಸಿ, ಕೊನೆಗೆ ‘ಡಿಪ್ಲಾಯ್ಡ್’ ಅಥವಾ ‘ಫೇಲ್ಡ್’ ಗುರುತು ಬಿಡುತ್ತದೆ. ಆ್ಯಂಟ್‌ನ ‘ವೇಟ್‌ಫಾರ್’ ಟಾಸ್ಕ್ ಅದಕ್ಕಾಗಿ ಕಾಯುತ್ತದೆ. ಆದರೆ ಹಳೆಯ ‘ಡಿಪ್ಲಾಯ್ಡ್’ ಗುರುತು ಅಲ್ಲೇ ಇದ್ದರೆ ಸ್ಕ್ರಿಪ್ಟ್ ಅದನ್ನೇ ಕಂಡು ಕ್ಷಣದಲ್ಲಿ ಜಯಘೋಷ ಮಾಡುತ್ತದೆ! ಹಾಗಾಗಿ ಮೊದಲು ಆ ಹಳೆಯ ಗುರುತನ್ನು ಅಳಿಸಿ, ‘ಅನ್‌ಡಿಪ್ಲಾಯ್ಡ್’ ಬರುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಸೇವೆ ನಿಂತಿರುತ್ತದೆ. ಪಾಳಿ ಬದಲಾಗುವ ಸಮಯ ಅದಕ್ಕೆ ಒಳ್ಳೆಯದು.

ಗುರುತು ಬಂದರೂ ನಾನು ಪೂರ್ತಿ ನಂಬುವುದಿಲ್ಲ. ಸ್ಕ್ರಿಪ್ಟ್ ವೇಬ್ರಿಡ್ಜ್ ಕಂಪ್ಯೂಟರ್ ಬಳಸುವ ವಿಳಾಸದಿಂದಲೇ ಸೇವೆಯ ವಿವರ, ವಿಳಾಸಗಳಿರುವ ಡಬ್ಲ್ಯುಎಸ್‌ಡಿಎಲ್ ಕಡತವನ್ನು ಇಳಿಸಿಕೊಂಡು ಒಳಗೆ 127.0.0.1, ಅಂದರೆ ‘ಇದೇ ಕಂಪ್ಯೂಟರ್’ ಎಂಬ ವಿಳಾಸ, ಇದೆಯೇ ಎಂದು ಹುಡುಕುತ್ತದೆ. ವೈಲ್ಡ್‌ಫ್ಲೈನ ಮೂಲ ಸಂರಚನೆಯಲ್ಲಿ ಸೇವೆಯ ವಿಳಾಸ ಹಾಗೆಯೇ ಮೂಡಬಹುದು; ಆಗ ವೇಬ್ರಿಡ್ಜ್ ತನ್ನದೇ ಕಂಪ್ಯೂಟರ್‌ನಲ್ಲಿ ಸೇವೆಯನ್ನು ಹುಡುಕಿ ಸೋಲುತ್ತದೆ. ಸಂರಚನೆಯ ‘ಡಬ್ಲ್ಯುಎಸ್‌ಡಿಎಲ್-ಹೋಸ್ಟ್’ ಜಾಗದಲ್ಲಿ ‘ಜೆಬಾಸ್‌ಡಬ್ಲ್ಯುಎಸ್ ಡಾಟ್ ಅನ್‌ಡಿಫೈನ್ಡ್ ಡಾಟ್ ಹೋಸ್ಟ್’ ಎಂದು ಕೊಟ್ಟರೆ ಕೇಳಿದವರು ಯಾವ ಹೆಸರಿನಿಂದ ಕೇಳಿದರೋ ಅದೇ ಹೆಸರು ಬರುತ್ತದೆ.

ಸೇವೆಯನ್ನು ಕರೆದು ನೋಡುವ ಪರೀಕ್ಷೆಯ ಜಾವಾ ಕ್ಲೈಂಟ್‌ಗೆ ಬೇಕಾದ, ಡಬ್ಲ್ಯುಎಸ್‌ಡಿಎಲ್‌ನಿಂದ ಜಾವಾ ಕೋಡ್ ಹುಟ್ಟಿಸುವ ‘ಡಬ್ಲ್ಯುಎಸ್‌ಇಂಪೋರ್ಟ್’ ಉಪಕರಣವನ್ನು 2018ರ ಜಾವಾ 11 ಕೈಬಿಟ್ಟಿದೆ. ಅದರ ಜಾರ್‌ಗಳನ್ನೂ ಅದೇ ಫೋಲ್ಡರ್‌ಗೆ ಸೇರಿಸಿ ಆ್ಯಂಟ್‌ಗೆ ಹೊಸ ಟಾಸ್ಕ್ ಪರಿಚಯಿಸುವ ‘ಟಾಸ್ಕ್‌ಡೆಫ್’ ಮೂಲಕ ಕರೆಯುತ್ತಿದ್ದೇನೆ.